ತಂತಿಯ ಲಿಪಿ: ಬರೆದದ್ದು, ಬಿಟ್ಟದ್ದು

ಗಿಟಾರ್ ಕಲಿಯುವ ಹುಡುಗರ ಕೈಯಲ್ಲಿ, ಆರು ಗೆರೆಗಳ ಮೇಲೆ ಅಂಕಿಗಳನ್ನು ಹರಡಿದ ಹಾಳೆಯೊಂದನ್ನು ತಾವು ನೋಡಿರಬಹುದು. ಅದಕ್ಕೆ ಟ್ಯಾಬ್ಲೇಚರ್ ಎಂದು ಹೆಸರು. ಗೆರೆ ತಂತಿಯನ್ನು ತೋರಿಸುತ್ತದೆ. ಅಂಕಿ, ಬೆರಳಿಡಬೇಕಾದ ಮೆಟ್ಟಿಲನ್ನು. ಸ್ವರದ ಹೆಸರೇ ಅಲ್ಲಿಲ್ಲ. ವೀಣೆಯನ್ನು ಬಲ್ಲವರಿಗೆ ಹೇಳುವುದಾದರೆ, ‘ಪಂಚಮ’ ಎನ್ನುವ ಬದಲು ‘ಸಾರಣಿ ತಂತಿ, ಏಳನೆಯ ಮೆಟ್ಟಿಲು’ ಎಂದಂತೆ.

ಇದನ್ನು ಈ ಕಾಲದವರ ಸೋಮಾರಿತನವೆಂದು ಹಳಿಯುವ ವಿದ್ವಾಂಸರುಂಟು. ಆದರೆ ಈ ಲಿಪಿಗೆ ಐನೂರು ವರ್ಷ ದಾಟಿದೆ. ವೆನಿಸ್ ನಗರದ ಮುದ್ರಕ ಪೆತ್ರೂಚಿ 1507ರಲ್ಲಿ ಸ್ಪಿನಾಚಿನೊ ಎಂಬಾತನ ಲ್ಯೂಟ್ ಕೃತಿಗಳನ್ನು ಹೀಗೆಯೇ ಅಚ್ಚುಹಾಕಿದ. ಗೆರೆಗಳ ಮೇಲೆ ಕಾಲವನ್ನು ಸೂಚಿಸುವ ಕಡ್ಡಿಗಳು. ಕೆಲವು ಅಂಕಿಗಳ ಕೆಳಗೆ ಒಂದು ಚುಕ್ಕಿ. ಚುಕ್ಕಿಯಿದ್ದಲ್ಲಿ ಬೆರಳು ಮೇಲ್ಮುಖವಾಗಿ ಮೀಟಬೇಕು.

ಸ್ಪೇನಿನ ವಲೆನ್ಸಿಯಾದಲ್ಲಿ 1536ರಲ್ಲಿ ಹೊರಬಂದ ಲೂಯಿಸ್ ಮಿಲಾನನ ‘ಎಲ್ ಮಾಯೆಸ್ತ್ರೊ’ ಇನ್ನೂ ಸ್ವಾರಸ್ಯದ ಗ್ರಂಥ. ಗಿಟಾರಿನ ಹಿರಿಯ ಬಂಧುವಾದ ವಿವೇಲ ವಾದ್ಯಕ್ಕಾಗಿ ಬರೆದದ್ದು ಅದು. ಅದರ ಹಾಡುಗಳಲ್ಲಿ ಗಾಯಕನ ಸ್ವರಗಳ ಅಂಕಿಗಳನ್ನು ಕೆಂಪು ಮಸಿಯಲ್ಲಿ ಅಚ್ಚುಮಾಡಿದೆ, ಉಳಿದವು ಕಪ್ಪು. ಯಾವ ಕೃತಿಯನ್ನು ಚುರುಕಾಗಿ, ಯಾವುದನ್ನು ನಿಧಾನವಾಗಿ ನುಡಿಸಬೇಕೆಂದೂ ಮಿಲಾನ್ ಹೇಳಿದ್ದಾನೆ. ಇಟಲಿಯವರು ಮೇಲಿನ ಸ್ಥಾಯಿಯ ತಂತಿಯನ್ನು ಕೆಳಗಿನ ಗೆರೆಯಲ್ಲಿಟ್ಟರೆ, ಈತ ಮೇಲಿನ ಗೆರೆಯಲ್ಲಿಟ್ಟ. ಇಂದಿನ ಗಿಟಾರ್ ಹಾಳೆ ಅನುಸರಿಸುವುದು ಇವನನ್ನೇ.

ಇಷ್ಟೆಲ್ಲ ಬರೆದವರು ಒಂದನ್ನು ಮಾತ್ರ ಬಿಟ್ಟರು. ಮೇಲಿನ ಕಡ್ಡಿ ಮುಂದಿನ ಮೀಟು ಯಾವಾಗ ಎಂದು ಹೇಳುತ್ತದೆಯೇ ಹೊರತು, ಮೀಟಿದ ಮಂದ್ರದ ತಂತಿ ಎಷ್ಟು ಹೊತ್ತು ಮೊರೆಯುತ್ತಿರಬೇಕೆಂದು ಹೇಳುವುದಿಲ್ಲ. ಒಂದೇ ವಾದ್ಯದಲ್ಲಿ ಮೂರು ನಾಲ್ಕು ಧ್ವನಿಗಳು ಜೊತೆಯಾಗಿ ನಡೆಯುವ ಸಂಗೀತಕ್ಕೆ ಇದು ಸಣ್ಣ ಮಾತಲ್ಲ. ಅಂದಿನ ವಾದಕನ ಬೆರಳಿಗೆ ಅದು ತಿಳಿದಿತ್ತು. ಐದು ಗೆರೆಯ ಲಿಪಿಗೆ ಇಳಿಸಹೊರಟ ಇಪ್ಪತ್ತನೆಯ ಶತಮಾನದ ಸಂಪಾದಕರು ಮಾತ್ರ ಇದರ ಮೇಲೆ ಜಗಳವಾಡಿದರು.

ಈಗ ಅದೇ ಪ್ರಶ್ನೆ ಗಣಕಯಂತ್ರದೊಳಕ್ಕೆ ಬಂದು ಕುಳಿತಿದೆ. 1996ರಲ್ಲಿ ಆರಂಭವಾದ ಲಿಲಿಪಾಂಡ್ ಎಂಬ ಸಂಗೀತಲಿಪಿಯ ತಂತ್ರಾಂಶ ತಾನಾಗಿ ಅಂಕಿಗಳನ್ನಷ್ಟೇ ಮುದ್ರಿಸುತ್ತದೆ. ಕಾಲದ ಕಡ್ಡಿ, ವಿರಾಮ, ತಾಳದ ಗುರುತು, ಮೆಲುದನಿ–ಜೋರುದನಿಯ ಚಿಹ್ನೆ ಎಲ್ಲವೂ ಮರೆ. ‘ಟ್ಯಾಬ್‌ಫುಲ್‌ನೊಟೇಷನ್’ ಎಂಬ ಒಂದು ಆಜ್ಞೆಯನ್ನು ಬರೆದರೆ ಅವೆಲ್ಲ ಪ್ರತ್ಯಕ್ಷವಾಗುತ್ತವೆ. ಅಂಕಿಗೆ ಬಿಳಿ ತಲೆ, ಕಪ್ಪು ತಲೆ ಎಂಬ ಭೇದವಿಲ್ಲವಲ್ಲ? ಆದ್ದರಿಂದ ಎರಡು ಮಾತ್ರೆಯ ಸ್ವರಕ್ಕೆ ಜೋಡಿ ಕಡ್ಡಿ, ಒಂದು ಮಾತ್ರೆಯದಕ್ಕೆ ಒಂಟಿ ಕಡ್ಡಿ.

ಮೇಲೆ ಐದು ಗೆರೆಯ ಲಿಪಿಯೂ ಇದ್ದರೆ ಬರಿಯ ಅಂಕಿಗಳು ಸಾಕು. ಕಾಲವನ್ನು ಅಲ್ಲಿ ನೋಡಿಕೊಳ್ಳಬಹುದು. ಟ್ಯಾಬ್ಲೇಚರನ್ನು ಒಂಟಿಯಾಗಿ ಅಚ್ಚುಹಾಕುವವರು ಕಡ್ಡಿಗಳನ್ನು ಮರೆಮಾಡುವುದು ನನಗೆ ಒಪ್ಪಿಗೆಯಿಲ್ಲ. ಹಾಡನ್ನು ಮೊದಲೇ ಕೇಳದವನಿಗೆ ಆ ಹಾಳೆ ಬೆರಳಿನ ವಿಳಾಸಗಳ ಪಟ್ಟಿ ಮಾತ್ರ. ಆದರೆ ಮಿಲಾನನ ಒಂದು ಪುಟವನ್ನು ಪೂರ್ಣ ಚಿಹ್ನೆಗಳೊಡನೆ ಬರೆಯಹೊರಟರೆ, ಮಂದ್ರದ ಆ ಸ್ವರ ಎಷ್ಟು ಮಾತ್ರೆ ನಿಲ್ಲಬೇಕೆಂದು ಯಂತ್ರ ನಿಮ್ಮನ್ನೇ ಕೇಳುತ್ತದೆ. ಅವನ ಪುಟದಲ್ಲಿ ಅದಕ್ಕೆ ಉತ್ತರವಿಲ್ಲ. ವಿವೇಲವನ್ನೋ ಗಿಟಾರನ್ನೋ ಕೈಗೆತ್ತಿಕೊಂಡು, ನುಡಿಸಿ ನೋಡಬೇಕು.