ಹರ್ನಿಯಾ ಜಾಲರಿಯ ಸೋಂಕಿಗೆ ಋಣ ಒತ್ತಡ ಚಿಕಿತ್ಸೆ

ಹರ್ನಿಯಾ ಶಸ್ತ್ರಚಿಕಿತ್ಸೆಯಲ್ಲಿ ಅಳವಡಿಸಿದ ಕೃತಕ ಜಾಲರಿಗೆ ಸೋಂಕು ತಗುಲಿದಾಗ, ಗಾಯವನ್ನು ಗಾಳಿಯಾಡದಂತೆ ಮುಚ್ಚಿ, ಅದರೊಳಗಿನ ಸ್ರಾವವನ್ನು ನಿಯಂತ್ರಿತವಾಗಿ ಹೀರಿ ತೆಗೆಯುವ ವಿಧಾನವನ್ನು ಋಣ ಒತ್ತಡ ಚಿಕಿತ್ಸೆ ಎನ್ನುತ್ತಾರೆ. ಸಾಧ್ಯವಾದಲ್ಲಿ ಜಾಲರಿಯನ್ನು ತೆಗೆಯದೆ ಉಳಿಸಿಕೊಳ್ಳುವುದು ಇದರ ಮುಖ್ಯ ಉದ್ದೇಶವಾಗಿದೆ.

ಸಮಸ್ಯೆಯ ಸ್ವರೂಪ

ಉದರಭಿತ್ತಿಯ ದುರ್ಬಲ ಭಾಗದ ಮೂಲಕ ಕೊಬ್ಬು ಅಥವಾ ಕರುಳು ಹೊರಚಾಚುವುದೇ ಹರ್ನಿಯಾ. ಆ ಭಾಗವನ್ನು ಬಲಪಡಿಸಲು ಪ್ಲಾಸ್ಟಿಕ್ ಜಾಲರಿಯ ಬಳಕೆಯನ್ನು ಅಮೆರಿಕದ ಶಸ್ತ್ರವೈದ್ಯ ಫ್ರಾನ್ಸಿಸ್ ಅಶರ್ 1950ರ ದಶಕದ ಕೊನೆಯಲ್ಲಿ ಪ್ರಚಾರಕ್ಕೆ ತಂದರು. ಜಾಲರಿಯ ಸೋಂಕಿಗೆ ಸಾಮಾನ್ಯವಾಗಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ಕಾರಣ. ಇವು ಎಳೆಗಳ ಮೇಲೆ ಲೋಳೆಯಂತಹ ಜೈವಿಕ ಪೊರೆಯನ್ನು ರಚಿಸಿಕೊಳ್ಳುವುದರಿಂದ ಪ್ರತಿಜೀವಕಗಳು ಮಾತ್ರವೇ ಸಾಕಾಗುವುದಿಲ್ಲ. ಜಾಲರಿಯನ್ನು ಹಾಗೆಯೇ ಬಿಟ್ಟರೆ ಕೀವು ಸುರಿಯುತ್ತಲೇ ಇರಬಹುದು; ತೆಗೆದರೆ ಹರ್ನಿಯಾ ಮರುಕಳಿಸಬಹುದು ಮತ್ತು ಬೇರ್ಪಡಿಸುವಾಗ ಕರುಳಿಗೆ ಗಾಯವಾಗಬಹುದು.

ಜಾಲರಿಯ ವಿಧ

ಜಾಲರಿ ಉಳಿಯುವ ಸಾಧ್ಯತೆಯು ಬಹುಮಟ್ಟಿಗೆ ಅದರ ರಂಧ್ರಗಳ ಗಾತ್ರವನ್ನು ಅವಲಂಬಿಸಿದೆ. ಬ್ಯಾಕ್ಟೀರಿಯಾಗಳು ಸುಮಾರು 1 ಮೈಕ್ರೋಮೀಟರ್ ಗಾತ್ರದವು. ಅವುಗಳನ್ನು ನುಂಗುವ ಮಹಾಭಕ್ಷಕ ಕೋಶಗಳು 10 ಮೈಕ್ರೋಮೀಟರ್‌ಗಿಂತ ದೊಡ್ಡವು. 75 ಮೈಕ್ರೋಮೀಟರ್‌ಗೂ ಹೆಚ್ಚಿನ ರಂಧ್ರಗಳಿರುವ ಏಕತಂತು ಪಾಲಿಪ್ರೊಪಿಲೀನ್ ಜಾಲರಿಯೊಳಗೆ ರಕ್ಷಕ ಕೋಶಗಳೂ ಹೊಸ ರಕ್ತನಾಳಗಳೂ ಪ್ರವೇಶಿಸಬಲ್ಲವು. ಹಿಗ್ಗಿಸಿದ ಪಿಟಿಎಫ್‌ಇ ಹಾಳೆಯ ಅತಿಸೂಕ್ಷ್ಮ ರಂಧ್ರಗಳಲ್ಲಿ ಬ್ಯಾಕ್ಟೀರಿಯಾಗಳು ಸುರಕ್ಷಿತವಾಗಿ ಅಡಗುವುದರಿಂದ, ಸೋಂಕಾದಾಗ ಸಾಮಾನ್ಯವಾಗಿ ಅದನ್ನು ತೆಗೆಯಬೇಕಾಗುತ್ತದೆ.

ವಿಧಾನ

ಈ ಚಿಕಿತ್ಸೆಯ ಇಂದಿನ ರೂಪವನ್ನು ಅಮೆರಿಕದ ಲೂಯಿಸ್ ಅರ್ಜೆಂಟಾ ಮತ್ತು ಮೈಕೆಲ್ ಮೊರಿಕ್ವಾಸ್ 1997ರಲ್ಲಿ ಪ್ರಕಟಿಸಿದರು. ಮೊದಲು ಗಾಯವನ್ನು ತೆರೆದು, ಕೀವು ಮತ್ತು ಸತ್ತ ಅಂಗಾಂಶವನ್ನು ತೆಗೆದು ಶುಚಿಗೊಳಿಸಲಾಗುತ್ತದೆ. ಅನಂತರ ಪಾಲಿಯುರಿಥೇನ್ ಸ್ಪಂಜನ್ನು ತುಂಬಿ, ಅಂಟುಪೊರೆಯಿಂದ ಮುಚ್ಚಿ, ಕೊಳವೆಯ ಮೂಲಕ ಹೀರುಯಂತ್ರಕ್ಕೆ ಜೋಡಿಸುತ್ತಾರೆ. ಸಾಮಾನ್ಯವಾಗಿ ವಾತಾವರಣದ ಒತ್ತಡಕ್ಕಿಂತ 125 ಮಿ.ಮೀ. ಪಾದರಸದಷ್ಟು ಕಡಿಮೆ ಒತ್ತಡವನ್ನು ಕಾಯ್ದುಕೊಳ್ಳಲಾಗುತ್ತದೆ. ಇದರಿಂದ ಸ್ರಾವ ಹೊರಹೋಗಿ, ಊತ ತಗ್ಗಿ, ಗಾಯದ ಅಂಚುಗಳು ಸಮೀಪಿಸುತ್ತವೆ. ಸ್ಪಂಜನ್ನು 48ರಿಂದ 72 ಗಂಟೆಗಳಿಗೊಮ್ಮೆ ಬದಲಿಸುವಾಗ ಗಾಯವನ್ನು ಮತ್ತೆ ಪರೀಕ್ಷಿಸಲಾಗುತ್ತದೆ. ಹೊಸ ಅಂಗಾಂಶವು ರಂಧ್ರಗಳ ಮೂಲಕ ಬೆಳೆದು ಜಾಲರಿಯನ್ನು ಮುಚ್ಚಿದರೆ ಚಿಕಿತ್ಸೆ ಫಲಿಸುತ್ತಿದೆ ಎಂದರ್ಥ.

ಮಿತಿಗಳು

ಹೀರುವಿಕೆಯು ಶುಚಿಗೊಳಿಸುವಿಕೆಗಾಗಲಿ ಪ್ರತಿಜೀವಕಗಳಿಗಾಗಲಿ ಬದಲಿಯಲ್ಲ. ಸತ್ತ ಅಂಗಾಂಶ, ಹತೋಟಿಗೆ ಬಾರದ ರಕ್ತಸ್ರಾವ ಅಥವಾ ಗಾಯದಲ್ಲಿ ಕ್ಯಾನ್ಸರ್ ಇದ್ದಲ್ಲಿ ಇದನ್ನು ಬಳಸುವಂತಿಲ್ಲ. ಸ್ಪಂಜು ಕರುಳಿಗೆ ನೇರವಾಗಿ ತಾಗಿದರೆ ಕರುಳು ತೂತಾಗುವ ಅಪಾಯವಿರುವುದರಿಂದ ನಡುವೆ ಅಂಟದ ಪದರವನ್ನು ಇಡಬೇಕು. ಜಾಲರಿಯು ಅಂಗಾಂಶಕ್ಕೆ ಕೂಡಿಕೊಳ್ಳದೆ ಕೀವಿನಲ್ಲಿ ತೇಲುತ್ತಿದ್ದರೆ, ಅಥವಾ ಕರುಳಿನೊಂದಿಗೆ ನಾಳವ್ರಣ ಉಂಟಾಗಿದ್ದರೆ, ಅದನ್ನು ತೆಗೆಯುವುದೇ ಸಾಮಾನ್ಯ ಕ್ರಮ.