ಒಂದು ಬೀಗ ಸಾಲದು: ಪಾಸ್‌ವರ್ಡಿನಿಂದ ಒಟಿಪಿವರೆಗೆ



ಅಪ್ಪ ನರೋಡಾದ ಜಿಐಡಿಸಿ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲಿದ್ದಾರೆ. ಮಗಳು ಕರ್ನಾಟಕದಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ಓದುತ್ತಿದ್ದಾಳೆ. ಪರೀಕ್ಷಾ ಶುಲ್ಕ ಕಟ್ಟಲು ಇಂದೇ ಕೊನೆಯ ದಿನ. ಪ್ರವೇಶದ ಅರ್ಜಿಯಲ್ಲಿ ಕೊಟ್ಟದ್ದು ಅಪ್ಪನ ಮೊಬೈಲ್ ನಂಬರು, ಹಾಗಾಗಿ ಒಟಿಪಿ ಬರುವುದು ಇಲ್ಲಿಗೆ. “ಅಪ್ಪಾ, ನಂಬರ್ ಬಂತೇನು?” “ಬಂತವಾ, ಬರಕೋ...” ಯಂತ್ರಗಳ ಸದ್ದಿನ ನಡುವೆ ಅಪ್ಪ ಆರು ಅಂಕಿಗಳನ್ನು ಗಟ್ಟಿಯಾಗಿ ಓದುತ್ತಾರೆ. ಕೆಲಸವಾಯಿತು. ಆದರೆ ಆ ಮನೆಗೆ ಒಂದು ಅಭ್ಯಾಸವೂ ಆಯಿತು: ಫೋನಿನಲ್ಲಿ ಯಾರಾದರೂ ಕೇಳಿದರೆ ಒಟಿಪಿ ಓದಿ ಹೇಳುವ ಅಭ್ಯಾಸ.

ಈ ಆರು ಅಂಕಿಗಳು ನಮ್ಮ ಬದುಕಿಗೆ ಬಂದದ್ದು ಹೇಗೆ? ಈ ಸಲ ಆ ಕಥೆಯನ್ನೇ ಹೇಳೋಣ ಎನಿಸಿತು.

ಗುರುತಿಗೆ ಎರಡು ಸಾಕ್ಷಿ ಬೇಕೆಂಬುದು ನಮಗೆ ಹೊಸದಲ್ಲ. ರಾಮಾಯಣದ ಸುಂದರಕಾಂಡವನ್ನು ನೆನಪಿಸಿಕೊಳ್ಳಿ. ಹನುಮಂತ ತನ್ನನ್ನು ಕಂಡದ್ದು ನಿಜವೆಂದು ರಾಮನಿಗೆ ತಿಳಿಯಲಿ ಎಂದು ಸೀತೆ ಚೂಡಾಮಣಿಯನ್ನು ಕೊಡುತ್ತಾಳೆ. ಅದರ ಜೊತೆಗೆ, ಚಿತ್ರಕೂಟದಲ್ಲಿ ನಡೆದ ಕಾಗೆಯ ಪ್ರಸಂಗವನ್ನೂ ಹೇಳಿ ಕಳುಹಿಸುತ್ತಾಳೆ. ಒಂದು ಕೈಯಲ್ಲಿರುವ ವಸ್ತು, ಇನ್ನೊಂದು ಮನಸ್ಸಿನಲ್ಲಿರುವ ಗುಟ್ಟು. ಇಂದಿನ ಎರಡು ಹಂತದ ದೃಢೀಕರಣದ ತತ್ವ ಇಷ್ಟೇ. ಪಾಸ್‌ವರ್ಡ್ ನಮಗೆ ಗೊತ್ತಿರುವ ಗುಟ್ಟು, ಫೋನು ನಮ್ಮ ಕೈಯಲ್ಲಿರುವ ವಸ್ತು.

ಕಂಪ್ಯೂಟರಿನ ಪಾಸ್‌ವರ್ಡ್ ಬಳಕೆಗೆ ಬಂದದ್ದೂ ಒಂದು ವಿದ್ಯಾಸಂಸ್ಥೆಯಲ್ಲಿಯೇ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ಮಾಡಿ ತೋರಿಸಿದರು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗದಿರಲೆಂದು ಪ್ರತಿಯೊಬ್ಬರಿಗೂ ಒಂದು ಗುಪ್ತಪದ ಕೊಟ್ಟರು. ಅದು ಬಹಳ ದಿನ ಗುಪ್ತವಾಗಿ ಉಳಿಯಲಿಲ್ಲ. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ಯಂತ್ರ ಬಳಸಲು ತನಗೆ ಕೊಟ್ಟ ಗಂಟೆಗಳು ಸಾಲದೆ, ಎಲ್ಲರ ಪಾಸ್‌ವರ್ಡ್‌ಗಳಿದ್ದ ಕಡತವನ್ನೇ ಮುದ್ರಿಸಿಕೊಂಡ! ಅದೇ ದಶಕದಲ್ಲಿ ಇನ್ನೊಮ್ಮೆ, ಒಂದು ದೋಷದಿಂದಾಗಿ, ಲಾಗಿನ್ ಆದವರಿಗೆಲ್ಲ ದಿನದ ಸಂದೇಶದ ಬದಲು ಎಲ್ಲರ ಪಾಸ್‌ವರ್ಡ್ ಪಟ್ಟಿಯೇ ಕಾಣಿಸಿಕೊಂಡಿತು.

ಪಾಸ್‌ವರ್ಡ್‌ಗಳನ್ನು ಇದ್ದಂತೆಯೇ ಬರೆದಿಡದೆ, ಹಿಂದಕ್ಕೆ ಬಿಡಿಸಲಾಗದ ರೂಪಕ್ಕೆ ತಿರುಗಿಸಿ ಇಡುವ ಉಪಾಯ ಆಮೇಲೆ ಬಂತು. 1979ರಲ್ಲಿ ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಈ ಕುರಿತು ಬರೆದ ಲೇಖನ ಪ್ರಸಿದ್ಧವಾಗಿದೆ. ಕಡತ ಭದ್ರವಾಯಿತು ಅನ್ನಿ. ಆದರೆ ಪಾಸ್‌ವರ್ಡ್ ಇಟ್ಟುಕೊಂಡ ಮನುಷ್ಯ ತಾನೇ ಅದನ್ನು ಕೊಟ್ಟುಬಿಟ್ಟರೆ?

ನಡೆದದ್ದು ಅದೇ. 2018ರ ಮಾರ್ಚ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ 9 ಮಂದಿ ಇರಾನಿಯರ ಮೇಲೆ ಆರೋಪ ಹೊರಿಸಿತು. ಆರೋಪಪಟ್ಟಿಯ ಪ್ರಕಾರ ಅಮೆರಿಕದ 144 ವಿಶ್ವವಿದ್ಯಾಲಯಗಳು ಹಾಗೂ ಬೇರೆ 21 ದೇಶಗಳ 176 ವಿಶ್ವವಿದ್ಯಾಲಯಗಳು ಇದಕ್ಕೆ ಗುರಿಯಾಗಿದ್ದವು. ಸುಮಾರು 8,000 ಪ್ರಾಧ್ಯಾಪಕರ ಖಾತೆಗಳು ಕಳ್ಳರ ಕೈವಶವಾಗಿದ್ದವು. ಉಪಾಯ ಬಹಳ ಸರಳ. “ನಿಮ್ಮ ಲೇಖನ ಓದಿ ಸಂತೋಷವಾಯಿತು” ಎಂಬ ಅರ್ಥದ ಪತ್ರ ಬೇರೊಬ್ಬ ಪ್ರಾಧ್ಯಾಪಕರ ಹೆಸರಿನಲ್ಲಿ ಬರುತ್ತಿತ್ತು. ಅದರಲ್ಲಿದ್ದ ಕೊಂಡಿ ಒತ್ತಿದರೆ ತಮ್ಮದೇ ವಿಶ್ವವಿದ್ಯಾಲಯದ್ದೆಂದು ಕಾಣುವ ನಕಲಿ ಲಾಗಿನ್ ಪುಟ. ಹೊಗಳಿಕೆಗೆ ಯಾರು ತಾನೇ ಸೋಲುವುದಿಲ್ಲ ಹೇಳಿ!

ವಿದ್ಯಾರ್ಥಿಯ ಖಾತೆಯಲ್ಲಿ ಕದಿಯಲು ಏನಿದೆ ಎಂದು ಕೇಳಬಹುದು. ಉತ್ತರ ನಮ್ಮ ನೆರೆಯಲ್ಲೇ ಇದೆ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಬೆಸೆಯಲೆಂದು 1991ರಲ್ಲಿ ಆರಂಭವಾದ ಇನ್‌ಫ್ಲಿಬ್‌ನೆಟ್ ಬಹುಕಾಲ ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯದ ಆವರಣದಲ್ಲಿತ್ತು. ಈಗ ಗಾಂಧಿನಗರದಲ್ಲಿದೆ. 2025ರ ಜನವರಿಯಲ್ಲಿ ಶುರುವಾದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯನ್ನು ನಡೆಸುತ್ತಿರುವುದು ಈ ಸಂಸ್ಥೆಯೇ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ವಿದ್ವತ್‌ಪತ್ರಿಕೆಗಳು, 6,300ಕ್ಕೂ ಹೆಚ್ಚು ಸಂಸ್ಥೆಗಳು. ಇಷ್ಟು ದೊಡ್ಡ ಭಂಡಾರವನ್ನು ಕ್ಯಾಂಪಸ್ಸಿನ ಹೊರಗಿನಿಂದ ತೆರೆಯಲು ಬೇಕಾದದ್ದು ತಮ್ಮ ಸಂಸ್ಥೆಯ ಲಾಗಿನ್. ಸಾಲದ್ದಕ್ಕೆ ಅಂಕಪಟ್ಟಿ, ವಿದ್ಯಾರ್ಥಿವೇತನ, ಬ್ಯಾಂಕ್ ವಿವರ ಎಲ್ಲವೂ ಇಂಥ ಲಾಗಿನ್‌ಗಳ ಹಿಂದೆಯೇ ಇರುತ್ತವೆ.

ನಮ್ಮ ದೇಶದಲ್ಲಿ ಎರಡನೆಯ ಬೀಗವನ್ನು ಮನೆಮಾತಾಗಿಸಿದ್ದು ಬ್ಯಾಂಕುಗಳು. ಆನ್‌ಲೈನ್ ಕಾರ್ಡ್ ಪಾವತಿಗೆ ಕಾರ್ಡಿನ ಮೇಲೆ ಮುದ್ರಿತವಾಗಿಲ್ಲದ ಇನ್ನೊಂದು ಸಾಕ್ಷಿ ಬೇಕೆಂಬ ರಿಸರ್ವ್ ಬ್ಯಾಂಕಿನ ಆದೇಶ 2009ರ ಆಗಸ್ಟ್ 1ರಿಂದ ಜಾರಿಗೆ ಬಂತು. ಮುಂದೆ ಒಟಿಪಿ ಎಂಬ ಪದ ಅಜ್ಜಿಯರಿಗೂ ಪರಿಚಿತವಾಯಿತು. 2011ರಲ್ಲಿ ಗೂಗಲ್ ತನ್ನ ಎಲ್ಲ ಖಾತೆದಾರರಿಗೂ ಎರಡು ಹಂತದ ಪರಿಶೀಲನೆಯನ್ನು ತೆರೆಯಿತು. ಅದೇ ವರ್ಷ, ಸಮಯದ ಲೆಕ್ಕದಿಂದ ಸಂಖ್ಯೆ ಹುಟ್ಟಿಸುವ ವಿಧಾನ ಎಲ್ಲರೂ ಬಳಸಬಹುದಾದ ಮಾನಕವಾಗಿ ಪ್ರಕಟವಾಯಿತು. ಫೋನಿನ ಅಥೆಂಟಿಕೇಟರ್ ಆ್ಯಪ್‌ನಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ ಆರು ಅಂಕಿ ಅದೇ. ಅದಕ್ಕೆ ನೆಟ್‌ವರ್ಕೂ ಬೇಡ, ಎಸ್‌ಎಂಎಸ್ಸೂ ಬೇಡ.

ಈಗ ನರೋಡಾದ ಅಪ್ಪ ಮತ್ತು ಮಗಳ ಕಡೆ ಬರೋಣ. ಖಾತೆ ಮಗಳದ್ದು, ಆದ್ದರಿಂದ ಎರಡನೆಯ ಕೀಲಿಯೂ ಮಗಳ ಕೈಯಲ್ಲೇ ಇರಬೇಕು. ಕಾಲೇಜು ಕಚೇರಿಯಲ್ಲಿ ಅರ್ಜಿ ಕೊಟ್ಟು ನಂಬರು ಬದಲಿಸಿಕೊಳ್ಳಲಿ. ಖಾತೆಯ ಸೆಕ್ಯುರಿಟಿ ವಿಭಾಗದಲ್ಲಿ ಅಥೆಂಟಿಕೇಟರ್ ಸೌಲಭ್ಯವಿದ್ದರೆ, ಪರದೆಯ ಕ್ಯೂಆರ್ ಚಿತ್ರವನ್ನು ಆ್ಯಪ್‌ನಿಂದ ಸ್ಕ್ಯಾನ್ ಮಾಡಿ, ಬಂದ ಆರು ಅಂಕಿ ತುಂಬಿದರೆ ಮುಗಿಯಿತು. ಕೊನೆಯಲ್ಲಿ ಬ್ಯಾಕಪ್ ಕೋಡ್‌ಗಳನ್ನು ಕೊಡುತ್ತಾರೆ. ಅವನ್ನು ಕಾಗದದಲ್ಲಿ ಬರೆದು ಅಂಕಪಟ್ಟಿಗಳ ಫೈಲಿನಲ್ಲಿಡಿ. ಶಕುಂತಲೆಯ ಉಂಗುರ ನೀರಿಗೆ ಬಿದ್ದಾಗ ದುಷ್ಯಂತನಿಗೆ ತೋರಿಸಲು ಅವಳ ಬಳಿ ಬೇರೆ ಗುರುತಿರಲಿಲ್ಲ. ಫೋನು ಕಳೆದುಹೋದ ದಿನ ನಮ್ಮ ಸ್ಥಿತಿಯೂ ಹಾಗಾಗಬಾರದು.

ಒಂದು ಮಾತು ನೆನಪಿರಲಿ. ಎರಡು ಬೀಗವಿದ್ದರೂ, ನಕಲಿ ಪುಟದಲ್ಲಿ ಪಾಸ್‌ವರ್ಡನ್ನೂ ಕೋಡನ್ನೂ ನಾವೇ ತುಂಬಿಕೊಟ್ಟರೆ ಕಳ್ಳ ಆ ಕ್ಷಣದಲ್ಲೇ ಒಳಗೆ ನುಗ್ಗಬಲ್ಲ. ವಿಳಾಸ ನೋಡಿಯೇ ತುಂಬಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇನ್ನು ಆ ಅಪ್ಪನಿಗೆ ಒಂದು ವಿನಂತಿ. ಮಗಳು ಫೋನ್ ಮಾಡಿದರೆ ಊಟವಾಯಿತೇ ಎಂದು ಕೇಳಿ, ಪರೀಕ್ಷೆ ಹೇಗಾಯಿತು ಎಂದು ಕೇಳಿ. ಒಟಿಪಿ ಮಾತ್ರ ಓದಿ ಹೇಳಬೇಡಿ. ನಾಳೆ ಕರೆ ಮಾಡುವ ದನಿ ಮಗಳದ್ದೇ ಆಗಿರಬೇಕೆಂದೇನೂ ಇಲ್ಲ.