ಆಸ್ಟ್ರೋಸ್ಯಾಟ್

ಆಸ್ಟ್ರೋಸ್ಯಾಟ್: ಖಗೋಳ ವೀಕ್ಷಣೆಗೆಂದೇ ಭಾರತ ನಿರ್ಮಿಸಿದ ಮೊದಲ ಬಹುತರಂಗಾಂತರ ಬಾಹ್ಯಾಕಾಶ ವೀಕ್ಷಣಾಲಯ. ಇಸ್ರೋ ಇದನ್ನು 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ-ಸಿ30 ರಾಕೆಟ್ ಮೂಲಕ ಸುಮಾರು 650 ಕಿ.ಮೀ. ಎತ್ತರದ ಕಕ್ಷೆಗೆ ಸೇರಿಸಿತು.

ಭೂಮಿಯ ವಾತಾವರಣ ಕ್ಷಕಿರಣಗಳನ್ನೂ ಬಹುಪಾಲು ನೇರಳಾತೀತ ಕಿರಣಗಳನ್ನೂ ತಡೆಯುವುದರಿಂದ ಅವುಗಳ ಅಧ್ಯಯನಕ್ಕೆ ಬಾಹ್ಯಾಕಾಶವೇ ನೆಲೆ. ಆಸ್ಟ್ರೋಸ್ಯಾಟ್‌ನ ಐದು ಉಪಕರಣಗಳು ಕಪ್ಪುಕುಳಿ, ನ್ಯೂಟ್ರಾನ್ ನಕ್ಷತ್ರ, ಗೆಲಾಕ್ಸಿ ಮುಂತಾದವನ್ನು ಈ ಎರಡೂ ಬಗೆಯ ಬೆಳಕಿನಲ್ಲಿ ಏಕಕಾಲಕ್ಕೆ ವೀಕ್ಷಿಸಬಲ್ಲವು. ಇವುಗಳಲ್ಲೊಂದಾದ ನೇರಳಾತೀತ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ಹೊಸಕೋಟೆಯಲ್ಲಿ ಜೋಡಿಸಲಾಯಿತು. ಕೆನಡಾವೂ ಈ ದೂರದರ್ಶಕದ ನಿರ್ಮಾಣದಲ್ಲಿ ಪಾಲುದಾರ.

930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರ ತೀವ್ರ ನೇರಳಾತೀತ ಬೆಳಕನ್ನು ಪತ್ತೆಹಚ್ಚಿದ್ದು (2020) ಆಸ್ಟ್ರೋಸ್ಯಾಟ್‌ನ ಪ್ರಮುಖ ಸಾಧನೆ. ಐದು ವರ್ಷಕ್ಕೆಂದು ರೂಪಿಸಿದ ಈ ಉಪಗ್ರಹ ಆ ಅವಧಿ ಮೀರಿಯೂ ವೀಕ್ಷಣೆ ಮುಂದುವರಿಸಿತು. ಇದರ ದತ್ತಾಂಶ ಸಂಗ್ರಹ ಕೇಂದ್ರ ಬೆಂಗಳೂರು ಬಳಿಯ ಬ್ಯಾಲಾಳುವಿನಲ್ಲಿದೆ.